ಪಡಸಾಲೆಯ ಕಚೇರಿ

ಹೋದ ವರ್ಷ ಮಗಳು ರಜೆಗೆ ಬಂದಿದ್ದಳು. ಒಂದು ರಾತ್ರಿ ಊಟ ಮುಗಿದು, ಒಲೆಕಟ್ಟೆ ಒರೆಸಿ, ನಾನು ಹೊರಗೆ ಬಂದು ಕುಳಿತೆನೋ ಇಲ್ಲವೋ, ತನ್ನ ಮೊಬೈಲನ್ನು ನನ್ನ ಕಿವಿಯ ಹತ್ತಿರ ಹಿಡಿದಳು.

"ಅಮ್ಮ, ಕಣ್ಣು ಮುಚ್ಚಿಕೊಂಡು ಕೇಳು. ಏನೇನು ವಾದ್ಯ ಇದೆ ಹೇಳು, ನೋಡೋಣ."

ಮೊದಲು ಹಳೆಯ ಗ್ರಾಮಫೋನ್ ಪ್ಲೇಟಿನ ಕರಕರ ಸದ್ದು. ಅದರ ಹಿಂದಿನಿಂದ ಯಾರೋ ತಂತಿಗಳ ಮೇಲೆ ಬೆರಳಾಡಿಸಿ ಅಲೆ ಎಬ್ಬಿಸಿದ ಹಾಗೆ ಒಂದು ನಾದ ಏರಿತು, ಇಳಿಯಿತು, ಮತ್ತೆ ಏರಿತು. ಸ್ವಲ್ಪ ಹೊತ್ತಿಗೆ ಆ ಅಲೆಯ ಮೇಲೆ ಪಿಟೀಲೊಂದು ತೇಲಿಕೊಂಡು ಬಂತು.

"ಒಂದು ಪಿಟೀಲು. ಅದರಲ್ಲೇನೂ ಅನುಮಾನವಿಲ್ಲ" ಎಂದೆ.

"ಸರಿ. ಇನ್ನೊಂದು?"

"ಇನ್ನೊಂದು ಬುಲ್‌ಬುಲ್ ತರಂಗ."

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ! ಅದು ಕೋಟೊ. ಜಪಾನಿನದು. ನುಡಿಸಿದವರು ಅಲ್ಲಿನ ಎಂಥ ದೊಡ್ಡ ವಿದ್ವಾಂಸರು ಗೊತ್ತಾ? ನೀನು ನೋಡಿದರೆ ಆಟದ ಸಾಮಾನಿನ ಹೆಸರು ಹೇಳ್ತೀಯಲ್ಲ!"

ನಾನೂ ಅವಳ ಜೊತೆ ನಗಲು ಹೋದೆ. ಆದರೆ ನಗು ಬರಲಿಲ್ಲ. ಐವತ್ತು ವರ್ಷಗಳ ಹಿಂದೆ ತಳಕಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾನೂ ಹೀಗೆಯೇ ನಕ್ಕಿದ್ದೆ. ಹೆಚ್ಚು ಕಡಿಮೆ ಇದೇ ಮಾತನ್ನೇ ಆಡಿದ್ದೆ.

ಆ ಪ್ಲೇಟಿನ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಮಗಳು ಕೇಳಿಸಿದ ಕೃತಿಯ ಹೆಸರು 'ಹರು ನೊ ಉಮಿ'. ಹಾಗೆಂದರೆ ವಸಂತದ ಕಡಲು. ರಚಿಸಿದವರು ಮಿಯಾಗಿ ಮಿಚಿಯೊ, 1894ರಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲೇ ಅವರ ಕಣ್ಣು ಹೋಯಿತು. ದೃಷ್ಟಿ ಇದ್ದ ಆ ಕೆಲವೇ ವರ್ಷಗಳಲ್ಲಿ ಕಂಡಿದ್ದ ಕಡಲನ್ನು ನೆನಪಿನಿಂದ ತೆಗೆದು 1929ರಲ್ಲಿ ಈ ಸಂಗೀತ ಕಟ್ಟಿದರು. ಕೋಟೊದ ತಂತಿಗಳಲ್ಲಿ ಅಲೆಗಳು. ಶಾಕುಹಾಚಿ ಎಂಬ ಬಿದಿರಿನ ಕೊಳಲಿನಲ್ಲಿ ಕಡಲ ಹಕ್ಕಿಗಳ ಕೂಗು. ನಡುವೆ ದೋಣಿಗೆ ಹುಟ್ಟು ಹಾಕುವ ಲಯ. 1932ರಲ್ಲಿ ರೆನೆ ಶೆಮೆ ಎಂಬ ಫ್ರಾನ್ಸ್ ದೇಶದ ಪಿಟೀಲು ವಿದುಷಿ ಕಚೇರಿಗಳಿಗೆಂದು ಜಪಾನಿಗೆ ಹೋದವರು ಇದನ್ನು ಕೇಳಿ ಮೆಚ್ಚಿದರು. ಕೊಳಲಿನ ಪಾಲನ್ನು ತಮ್ಮ ಪಿಟೀಲಿಗೆ ಹೊಂದಿಸಿಕೊಂಡು ಮಿಯಾಗಿಯವರ ಪಕ್ಕದಲ್ಲಿ ಕುಳಿತು ನುಡಿಸಿದರು. ಆ ಜೋಡಿವಾದನ ಪ್ಲೇಟಾಗಿ ಹೊರದೇಶಗಳಿಗೂ ಹೋಯಿತು. ಕೃತಿಗೂ ಮಿಯಾಗಿಯವರಿಗೂ ಹೆಸರು ಬಂತು. ಪೂರ್ವದ ತಂತಿ ಪಶ್ಚಿಮದ ತಂತಿ ಒಂದು ಕೋಣೆಯಲ್ಲಿ ಕೂತು ಕಡಲಿನ ಬಗ್ಗೆ ಮಾತನಾಡಿಕೊಂಡ ಹಾಗೆ ಇದೆ ಅದು.

ಪಶ್ಚಿಮದವರು ಇಂಥದ್ದನ್ನು 'ಚೇಂಬರ್ ಮ್ಯೂಸಿಕ್' ಎನ್ನುತ್ತಾರೆ. ಎರಡೋ ಮೂರೋ ನಾಲ್ಕೋ ವಾದ್ಯ, ಎದುರಿಗೆ ಒಂದು ಕೋಣೆ ತುಂಬುವಷ್ಟು ಜನ. ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕೆಂದರೆ ಪಡಸಾಲೆಯ ಕಚೇರಿ. ನಮ್ಮ ಮನೆಯ ಪಡಸಾಲೆಯಲ್ಲೂ ಅಂಥದ್ದೊಂದು ನಡೆಯುತ್ತಿತ್ತು. ಅದನ್ನು ಯಾರೂ ಕಚೇರಿ ಎಂದು ಕರೆಯಲಿಲ್ಲ, ಅಷ್ಟೆ.

ಚಳ್ಳಕೆರೆಯಿಂದ ಬಳ್ಳಾರಿ ಕಡೆಗೆ ಹೋಗುವ ರಸ್ತೆಯಲ್ಲಿ ಬರುತ್ತದೆ ತಳಕು. ಸಾಹಿತ್ಯ ಓದಿದವರಿಗೆ 'ತಳುಕು' ಎಂದರೆ ಬೇಗ ಗುರುತು ಸಿಗುತ್ತದೆ. ಕುವೆಂಪು ಅವರಿಗೆ ಗುರುಗಳಾಗಿದ್ದ ವೆಂಕಣ್ಣಯ್ಯನವರ ಊರು; ಹೆಸರಿನ ಮೊದಲಕ್ಷರದಲ್ಲೇ ಊರನ್ನು ಹೊತ್ತುಕೊಂಡ ತ.ರಾ.ಸು. ಅವರ ಮನೆತನದ ಊರು. ಮಳೆಯ ಲೆಕ್ಕದಲ್ಲಿ ಮಾತ್ರ ಬಡ ಸೀಮೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಶೇಂಗಾ ಬೆಳೆ, ಕುರಿ ಮಂದೆ, ಜಾಲಿ ಗಿಡ, ಬಿಸಿಲು. ನಮ್ಮ ಹಿತ್ತಲಿನ ಬಾವಿಯ ಹತ್ತಿರ ಒಂದು ನಿಂಬೆ ಗಿಡವಿತ್ತು. ತಲೆಯ ಮೇಲೆ ಜುಟ್ಟು, ಬಾಲದ ಬುಡದಲ್ಲಿ ಕೆಂಪು ಇರುವ ಪಿಕಳಾರ ಹಕ್ಕಿಗಳು ಅಲ್ಲಿಗೆ ಬರುತ್ತಿದ್ದವು. ಅವುಗಳದ್ದೇ ನಮಗೆ ಬೆಳಗಿನ ಸಂಗೀತ.

ಆ ಮನೆಯಲ್ಲಿ ನಮ್ಮ ಸೋದರತ್ತೆ ಇದ್ದರು. ಅಪ್ಪನ ಅಕ್ಕ. ಮದುವೆಯಾದ ಕೆಲವು ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಮನೆಯ ಹಪ್ಪಳ, ಉಪ್ಪಿನಕಾಯಿ, ಬಾಣಂತನ ಎಲ್ಲ ಅವರ ಕೈಯದ್ದೇ. ವೀಣೆ ಕಲಿಯಬೇಕೆಂಬ ಆಸೆ ಅವರಿಗೆ ಚಿಕ್ಕಂದಿನಿಂದ ಇತ್ತಂತೆ. ಊರಲ್ಲಿ ಕಲಿಸುವವರಿರಲಿಲ್ಲ, ವೀಣೆಗೆ ದುಡ್ಡೂ ಇರಲಿಲ್ಲ. ತವರಿಗೆ ಬಂದ ಮೇಲಂತೂ "ಇನ್ನು ಯಾರ ಮುಂದೆ ನುಡಿಸಬೇಕು?" ಎಂಬ ಒಂದು ಮಾತಿಗೆ ಅದು ಮುಗಿದುಹೋಯಿತು.

ಒಮ್ಮೆ ಚಿಕ್ಕಪ್ಪ ಬಳ್ಳಾರಿಯಿಂದ ನಮಗೆ, ಅಂದರೆ ಹುಡುಗರಿಗೆ, ಒಂದು ಬುಲ್‌ಬುಲ್ ತರಂಗ ತಂದರು. ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಎರಡು ಅಡಿ ಉದ್ದದ ಮರದ ಪೆಟ್ಟಿಗೆ. ಮೇಲೆ ನಾಲ್ಕಾರು ಉಕ್ಕಿನ ತಂತಿ. ಅವುಗಳ ಮೇಲೆ ಒಂದು ಗೂಡು, ಗೂಡಿನ ಮೇಲೆ ಟೈಪ್‌ರೈಟರಿಗಿರುವಂಥ ಗುಂಡಿಗಳು. ಎಡಗೈಯಲ್ಲಿ ಗುಂಡಿ ಒತ್ತಿದರೆ ಕೆಳಗಿನ ತಂತಿ ವೀಣೆಯ ಮೆಟ್ಟಿಲಿನಂಥ ಪಟ್ಟಿಗೆ ತಗಲುತ್ತದೆ. ಬಲಗೈಯಲ್ಲಿ ಒಂದು ಚೂರು ಹಿಡಿದು ಮೀಟಬೇಕು. ಪಕ್ಕದ ತಂತಿಗಳು ಶ್ರುತಿ ಹಿಡಿಯುತ್ತವೆ. ನಾವು ವಾರವೊಪ್ಪತ್ತು ಅದನ್ನು ಟಣಟಣ ಬಾರಿಸಿ ಬಿಸಾಕಿದೆವು. ಅತ್ತೆ ಎತ್ತಿಕೊಂಡರು.

ಶೇಂಗಾ ಸುಲಿಯುವ ದಿನಗಳಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ನಮ್ಮ ಪಡಸಾಲೆಗೆ ಬಂದು ಕೂರುತ್ತಿದ್ದರು. ಮಧ್ಯಾಹ್ನದ ಹೊತ್ತು ಯಾರಾದರೂ "ಅಮ್ಮಯ್ಯ, ಒಂದು ಪದ ನುಡಿಸಿ" ಎನ್ನುವರು. ಅತ್ತೆ ದೇವರನಾಮ ನುಡಿಸುವರು, ಸೋಬಾನೆಯ ಧಾಟಿ ನುಡಿಸುವರು. ಕೊನೆಗೆ ಪಿಕಳಾರದ ಕೂಗು ನುಡಿಸುವರು. ಅದು ಹೇಗೆಂದರೆ, ಗುಂಡಿ ಒತ್ತಿ ತಂತಿ ಮೀಟಿದ ಮರುಗಳಿಗೆ, ಬಲಗೈಯ ಕಿರುಬೆರಳಿನ ಅಂಚಿನಿಂದ ಕುದುರೆಯ ಆಚೆಗಿನ ತಂತಿಯನ್ನು ಮೆಲ್ಲಗೆ ಅದುಮುವರು. ಆಗ ಆ ಸ್ವರ ಹಕ್ಕಿಯ ಗಂಟಲಿನಲ್ಲಿ ಜಾರುವ ಹಾಗೆ ಜಾರುತ್ತಿತ್ತು. ಶೇಂಗಾ ಸುಲಿಯುವ ಕೈಗಳು ನಿಲ್ಲುತ್ತಿದ್ದವು. ಯಾರು ಹೇಳಿಕೊಟ್ಟರು ಎಂದರೆ "ಯಾರು ಹೇಳಿಕೊಡ್ತಾರೆ? ಆ ಹಕ್ಕಿಯೇ ಹೇಳಿಕೊಡ್ತು" ಎನ್ನುತ್ತಿದ್ದರು.

ನಾನು ಹೈಸ್ಕೂಲಿಗೆಂದು ಪೇಟೆಯಲ್ಲಿ ನೆಂಟರ ಮನೆಯಲ್ಲಿದ್ದೆ. ಅಲ್ಲಿ ವೀಣೆಯ ಪಾಠಕ್ಕೂ ಸೇರಿದೆ. ಸರಳೆ ಜಂಟಿ ಮುಗಿಸಿ ಎರಡು ಗೀತೆ ಕಲಿತವಳಿಗೆ ಎಷ್ಟು ಗರ್ವ ಇರಬೇಕೋ ಅಷ್ಟು ಇತ್ತು. ರಜೆಗೆ ಊರಿಗೆ ಬಂದಾಗ ಅತ್ತೆ ಆಸೆಯಿಂದ ಪೆಟ್ಟಿಗೆ ಮುಂದಿಟ್ಟುಕೊಂಡರು. ನಾನು ನಕ್ಕು, "ಅತ್ತೆ, ಇದು ಆಟದ ಸಾಮಾನು. ಇದರಲ್ಲಿ ಗಮಕ ಬರೋದಿಲ್ಲವಂತೆ. ಇದು ಸಂಗೀತವೇ ಅಲ್ಲವಂತೆ ಕಣತ್ತೆ" ಎಂದೆ. ಪಕ್ಕದಲ್ಲಿ ನಾಲ್ಕು ಜನ ಹೆಂಗಸರಿದ್ದರು. ಅತ್ತೆ ಏನೂ ಹೇಳಲಿಲ್ಲ. "ಹೌದೇನೋ" ಎಂದು ಪೆಟ್ಟಿಗೆಗೆ ಹಳೇ ಪಂಚೆ ಸುತ್ತಿ ಒಳಗೆ ಇಟ್ಟರು. ಮುಂದಿನ ರಜೆಗೆ ಬಂದಾಗ ಅದು ಅಟ್ಟ ಸೇರಿತ್ತು.

ಮಗಳು ನಕ್ಕ ರಾತ್ರಿಯ ಮರುದಿನದಿಂದ ನಾನು ಆ ಪೆಟ್ಟಿಗೆಯ ಹುಟ್ಟು ಹುಡುಕಲು ಶುರುಮಾಡಿದೆ. ಅವಳು ಪುಸ್ತಕ ತಂದುಕೊಟ್ಟಳು, ಮೊಬೈಲಿನಲ್ಲಿ ತೋರಿಸಿದಳು. ತಿಳಿದ ಮೊದಲ ಸಂಗತಿಯೇ ನನ್ನನ್ನು ಬೆಚ್ಚಿಬೀಳಿಸಿತು. ನಮ್ಮ ಬುಲ್‌ಬುಲ್ ತರಂಗ ನಮ್ಮದಲ್ಲ. ಅದೂ ಜಪಾನಿನದೇ.

1912ರಲ್ಲಿ ಜಪಾನಿನಲ್ಲಿ ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದು 'ತೈಶೋ' ಎಂಬ ಶಕೆ ಆರಂಭವಾಯಿತು. ಅದೇ ವರ್ಷ ನಗೋಯಾ ಪಟ್ಟಣದ ಮೊರಿತಾ ಗೊರೊ ಎಂಬುವರು ಒಂದು ಹೊಸ ವಾದ್ಯ ಮಾಡಿದರು. ಪಶ್ಚಿಮ ದೇಶಗಳನ್ನು ಸುತ್ತಿ ಬಂದಿದ್ದ ಅವರಿಗೆ ಅಲ್ಲಿ ಕಂಡ ಟೈಪ್‌ರೈಟರಿನ ಗುಂಡಿಗಳು ಮನಸ್ಸಿನಲ್ಲಿ ಉಳಿದಿದ್ದವು. ಆ ಗುಂಡಿಗಳನ್ನು ತಮ್ಮ ದೇಶದ ತಂತಿವಾದ್ಯಕ್ಕೆ ಜೋಡಿಸಿದರು. ವಾದ್ಯಕ್ಕೆ 'ತೈಶೋಗೋತೊ' ಎಂದು ಹೆಸರು. ಹಾಗೆಂದರೆ ತೈಶೋ ಕಾಲದ ಕೋಟೊ. ಕೋಟೊ ಎಂಬ ಶಬ್ದವೇ ಜೋಡುಪದದಲ್ಲಿ 'ಗೋತೊ' ಆಗಿದೆ. ನಾನು ಕಣ್ಣು ಮುಚ್ಚಿ ಕೇಳಿ ಹೇಳಿದ ಉತ್ತರ ತಪ್ಪು, ನಿಜ. ಆದರೆ ಮೊಮ್ಮಗಳ ಹೆಸರು ಹಿಡಿದು ಅಜ್ಜಿಯನ್ನು ಕರೆದಂಥ ತಪ್ಪು.

ಅಜ್ಜಿ ಮೊಮ್ಮಗಳ ನಡುವೆ ಅಂತರ ಇದ್ದೇ ಇದೆ. ಕೋಟೊ ಆರಡಿ ಉದ್ದದ ವಾದ್ಯ, ಹದಿಮೂರು ತಂತಿ, ಪ್ರತಿ ತಂತಿಗೂ ಸರಿಸಬಹುದಾದ ಬೇರೆ ಬೇರೆ ಕುದುರೆ. ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಚೀನಾದಿಂದ ಅರಮನೆಯ ಸಂಗೀತದ ಜೊತೆಗೆ ಜಪಾನಿಗೆ ಬಂದದ್ದು. ತೈಶೋಗೋತೊ ಬಡವರ ಮನೆಗೂ ಹೋಗಬಲ್ಲ ಅಗ್ಗದ ಪೆಟ್ಟಿಗೆ; ಗುಂಡಿಗಳ ಮೇಲೆ ಅಂಕಿ ಬರೆದಿರುತ್ತದೆ, ಗುರುವಿಲ್ಲದೆ ಕಲಿಯಬಹುದು. ಅದು ಹುಟ್ಟಿದ ನಗೋಯಾ ಊರೂ ಅಂಥದ್ದೇ. ಅಲ್ಲಿ ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯ ಮಾಡುತ್ತಿದ್ದ ಸುಜುಕಿ ಮಸಾಕಿಚಿ ಎಂಬ ಕುಶಲಕರ್ಮಿ 1880ರ ದಶಕದ ಕೊನೆಯಲ್ಲಿ ಒಂದು ಪಿಟೀಲನ್ನು ಕಂಡು, ಅದರಂತೆ ತಾನೂ ಮಾಡಿ, ಮುಂದೆ ದೊಡ್ಡ ಪಿಟೀಲು ಕಾರ್ಖಾನೆಯನ್ನೇ ಕಟ್ಟಿದ. ಮಕ್ಕಳಿಗೆ ಮಾತು ಕಲಿಸುವ ಹಾಗೆ ಪಿಟೀಲು ಕಲಿಸಬೇಕೆಂದು ಲೋಕಕ್ಕೆ ಹೇಳಿದ ಶಿನಿಚಿ ಸುಜುಕಿ ಇವನ ಮಗ. ಹೀಗೆ ಪೂರ್ವ ಪಶ್ಚಿಮದ ತಂತಿಗಳು ಬೆರೆತದ್ದು ಮೊದಲು ಬಡಗಿಯ ಅಂಗಡಿಯಲ್ಲಿ. ವೇದಿಕೆ ಆಮೇಲೆ ಬಂತು.

ತೈಶೋಗೋತೊ ಹಡಗು ಹತ್ತಿ ಊರೂರು ಸುತ್ತಿತು. ಇಂಡೊನೇಷ್ಯಾದ ಬಾಲಿಗೆ ಹೋಯಿತು, ಆಫ್ರಿಕಾದ ಜಾಂಜಿಬಾರಿಗೆ ಹೋಯಿತು. ನಮ್ಮ ದೇಶಕ್ಕೆ ಬಂದು ಬುಲ್‌ಬುಲ್ ತರಂಗ ಆಯಿತು. ಬುಲ್‌ಬುಲ್ ಎಂದರೆ ಪರ್ಶಿಯನ್ ಕವಿಗಳ ಹಾಡುಹಕ್ಕಿ; ನಮ್ಮ ದೇಶದಲ್ಲಿ ಅದೇ ಹೆಸರು ಪಿಕಳಾರಕ್ಕೆ ಅಂಟಿದೆ. ಅತ್ತೆಗೆ ಈ ವಿಷಯ ತಿಳಿದಿರಲಿಲ್ಲ. ಹಕ್ಕಿಯ ಹೆಸರಿನ ವಾದ್ಯದಲ್ಲಿ ಅದೇ ಹಕ್ಕಿಯನ್ನು ಕೂಗಿಸಿದ್ದರು. ಬಲೂಚಿಸ್ತಾನದಲ್ಲಿ ಇದೇ ವಾದ್ಯ 'ಬೆಂಜು' ಆಯಿತು. ಅಲ್ಲಿನವರು ಅದನ್ನು ಉದ್ದ ಮಾಡಿ, ಗಟ್ಟಿ ಮಾಡಿ, ತಮ್ಮ ಜನಪದ ಸಂಗೀತದ ಮುಖ್ಯ ವಾದ್ಯಗಳಲ್ಲಿ ಒಂದಾಗಿ ಬೆಳೆಸಿದರು. ಬೆಂಜು ವಿದ್ವಾಂಸರೆಂದು ಹೆಸರಾದವರು ಅಲ್ಲಿದ್ದಾರೆ. ನಮ್ಮ ಅಟ್ಟದ ಮೇಲಿದ್ದ ಪೆಟ್ಟಿಗೆಯ ಒಡಹುಟ್ಟು ಅಲ್ಲಿ ಸಭೆಯ ಮಧ್ಯೆ ಕುಳಿತಿತ್ತು.

ಹಾಗಾದರೆ ನಮ್ಮಲ್ಲಿ ಹಾಗೇಕೆ ಆಗಲಿಲ್ಲ? ಹೊರಗಿನಿಂದ ಬಂದ ವಾದ್ಯ ಎಂದೋ? ಅದು ಕಾರಣವಾಗಲಾರದು. ಪಿಟೀಲು ಯಾವ ಊರಿನದು? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಬಳಿಯ ಮಣಲಿಯಲ್ಲಿದ್ದಾಗ, ಕೋಟೆಯ ಇಂಗ್ಲಿಷ್ ಬ್ಯಾಂಡಿನ ಪಿಟೀಲಿಗೆ ಮನಸೋತು, ಅಲ್ಲಿಯವರಿಂದಲೇ ಕಲಿತು ನಮ್ಮ ಸಂಗೀತಕ್ಕೆ ಹೊಂದಿಸಿದರು. ತಂಜಾವೂರಿನ ವಡಿವೇಲು ಅವರಿಗೆ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲನ್ನೇ ಉಡುಗೊರೆ ಕೊಟ್ಟರು. ನೂರು ವರ್ಷ ಕಳೆಯುವುದರೊಳಗೆ ಪಿಟೀಲಿಲ್ಲದೆ ನಮ್ಮ ಕಚೇರಿಯೇ ಇಲ್ಲ ಎಂಬಂತಾಯಿತು. ಮೈಸೂರಿನ ಟಿ. ಚೌಡಯ್ಯನವರಂತೂ ಅದನ್ನು ಪೂರಾ ನಮ್ಮದು ಮಾಡಿಕೊಂಡರು. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಬೇಕೆಂದು 1920ರ ದಶಕದಲ್ಲಿ ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಬಿಗಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣ ಪಿಟೀಲಿನ ಆಕಾರದಲ್ಲೇ 1980ರಲ್ಲಿ ಎದ್ದು ನಿಂತಿತು. ಅದೇ 1920ರ ದಶಕದ ಆರಂಭದಲ್ಲಿ ಮಿಯಾಗಿಯವರು ಅತ್ತ ಟೋಕಿಯೋದಲ್ಲಿ ಕೋಟೊಗೆ ಮಂದ್ರ ಸ್ವರ ಸಾಲದೆಂದು ಹದಿನೇಳು ತಂತಿಯ ಹೊಸ ಕೋಟೊ ಮಾಡಿಸಿದ್ದರು. ಒಬ್ಬರ ಸುದ್ದಿ ಒಬ್ಬರಿಗೆ ತಿಳಿದಿರಲಾರದು.

ನಿಜವಾದ ತಕರಾರು ಇದ್ದದ್ದು ಗುಂಡಿಗಳ ಮೇಲೆ. ಪಿಟೀಲಿನಲ್ಲಿ ಬೆರಳು ತಂತಿಯ ಮೇಲೆ ಜಾರುತ್ತದೆ. ಸ್ವರದಿಂದ ಸ್ವರಕ್ಕೆ ನಡುವಿನ ದಾರಿಯೆಲ್ಲ ಕೇಳುತ್ತದೆ. ಗುಂಡಿಯ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಹಾರಬೇಕು. ನಮ್ಮ ಸಂಗೀತದ ಜೀವವಿರುವುದು ಆ ನಡುದಾರಿಯಲ್ಲಿ. ಇದೇ ಕಾರಣಕ್ಕೆ ಆಕಾಶವಾಣಿ 1940ರಿಂದ ಮೂವತ್ತು ವರ್ಷ ಹಾರ್ಮೋನಿಯಂ ಅನ್ನೂ ದೂರ ಇಟ್ಟಿತ್ತು. ಈ ವಾದ ಸುಳ್ಳಲ್ಲ. ನನ್ನ ವೀಣೆಯ ಪಾಠದಲ್ಲಿ ಕೇಳಿ ನಾನು ಅತ್ತೆಗೆ ಹೇಳಿದ್ದೂ ಅದನ್ನೇ.

ಆದರೆ ಯಾವ ವಾದ್ಯ ಗದ್ದುಗೆ ಏರಬೇಕು, ಯಾವುದು ಅಟ್ಟ ಏರಬೇಕು ಎಂಬುದನ್ನು ನಾದವೊಂದೇ ತೀರ್ಮಾನಿಸುವುದಿಲ್ಲ. ಚೀನಾದ ಎರ್‌ಹು ಎಂಬ ವಾದ್ಯದ ಕಥೆ ಓದಿದಾಗ ನನಗೆ ಹಾಗೆನ್ನಿಸಿತು. ಎರಡೇ ತಂತಿ, ಆ ಎರಡರ ನಡುವೆ ಸಿಕ್ಕಿಸಿದ ಕಮಾನು. ಬೀದಿಯಲ್ಲಿ ಬೇಡುವವರು ನುಡಿಸುವ ವಾದ್ಯವೆಂದು ಅದನ್ನು ಕೀಳಾಗಿ ಕಂಡಿದ್ದರು. ಲಿಯು ತಿಯೆನ್‌ಹುವಾ ಎಂಬವರು, ನಮ್ಮ ಚೌಡಯ್ಯನವರ ಹಾಗೆ 1895ರಲ್ಲಿ ಹುಟ್ಟಿದವರು, ಪಶ್ಚಿಮದ ಪಿಟೀಲನ್ನೂ ಶ್ರದ್ಧೆಯಿಂದ ಕಲಿತು, ಅದರ ಬೆರಳಿನ ನಡೆಯನ್ನೂ ಕಮಾನಿನ ಓಟವನ್ನೂ ಎರ್‌ಹುವಿಗೆ ತಂದರು. ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ನಿರ್ಜನ ಬೆಟ್ಟದಲ್ಲಿ ಹಕ್ಕಿಗಳು ಕೂಗುವುದನ್ನು ಕುರಿತ ಅವರ ಒಂದು ಕೃತಿಯಲ್ಲಿ ಎರಡು ತಂತಿಗಳಿಂದ ಒಂದು ಕಾಡೇ ಎದ್ದು ಕೂಗುತ್ತದೆ. 1932ರಲ್ಲಿ, ಮೂವತ್ತೇಳರ ಹರೆಯದಲ್ಲೇ ಅವರು ತೀರಿಕೊಂಡರು. ಅಷ್ಟರೊಳಗೆ ಬೀದಿಯ ವಾದ್ಯಕ್ಕೆ ಕುರ್ಚಿ ಹಾಕಿಸಿಬಿಟ್ಟಿದ್ದರು. ಎರ್‌ಹುವಿಗೆ ಒಬ್ಬ ಲಿಯು ಸಿಕ್ಕರು. ಬುಲ್‌ಬುಲ್ ತರಂಗ ನಮ್ಮಲ್ಲಿ ಸಿಕ್ಕಿದ್ದು ಮಕ್ಕಳ ಕೈಗೆ, ನಮ್ಮತ್ತೆಯಂಥವರ ಕೈಗೆ.

ಈ ವಾದ್ಯಗಳ ಬಗ್ಗೆ ಓದುತ್ತಾ ಹೋದಾಗ ತಂತಿಗಳ ಮಾತು ಬಂತು. ಅಲ್ಲಿ ನನಗೆ ನಮ್ಮ ಸೀಮೆಯೇ ಎದುರಾಯಿತು. ಕೋಟೊ, ಎರ್‌ಹು ಇವುಗಳ ಹಳೆಯ ತಂತಿ ರೇಷ್ಮೆಯದು. ಹಲವಾರು ರೇಷ್ಮೆ ಎಳೆಗಳನ್ನು ಒಟ್ಟಿಗೆ ಹುರಿಗೊಳಿಸಿ ಮಾಡಿದ್ದು. ಪಿಟೀಲಿನ ಹಳೆಯ ತಂತಿ ಕುರಿಯ ಕರುಳಿನದು. ಕರುಳನ್ನು ತೊಳೆದು, ಸೀಳಿ, ಹೊಸೆದು, ಬಿಗಿದು ಒಣಗಿಸಿದ್ದು. ಪಿಟೀಲಿನ ಅತಿ ತೆಳುವಾದ ಮೇಲಿನ ತಂತಿಗೆ ಯುರೋಪಿನಲ್ಲೂ ಕೆಲವರು ರೇಷ್ಮೆ ಬಳಸುತ್ತಿದ್ದರು. 1914ರ ಮಹಾಯುದ್ಧದಲ್ಲಿ ಗಾಯಾಳುಗಳಿಗೆ ಹೊಲಿಗೆ ಹಾಕಲು ಕರುಳಿನ ದಾರಕ್ಕೆ ಬೇಡಿಕೆ ಹೆಚ್ಚಿತು. ಪಿಟೀಲಿಗೆ ಉಕ್ಕಿನ ತಂತಿ ಬೇಗ ಹರಡಿದ್ದಕ್ಕೆ ಅದೂ ಒಂದು ಕಾರಣ. ಎರಡನೆಯ ಯುದ್ಧವಾದ ಮೇಲೆ ಕೋಟೊಗೂ ರೇಷ್ಮೆ ಹೋಗಿ ನೈಲಾನಿನಂಥ ನೂಲು ಬಂತು. ಮಿಯಾಗಿ ಮತ್ತು ಶೆಮೆ ಜೊತೆಯಲ್ಲಿ ನುಡಿಸಿದಾಗ ಅತ್ತ ಕಡೆ ರೇಷ್ಮೆ ಇನ್ನೂ ಉಳಿದಿದ್ದ ಕಾಲ.

ತಳಕಿನಿಂದ ಒಂದು ದಿಕ್ಕಿಗೆ ಹೋದರೆ ಚಳ್ಳಕೆರೆ, ಕುರಿಯ ಸಂತೆ, ಕಂಬಳಿಯ ಊರು. ಇನ್ನೊಂದು ದಿಕ್ಕಿಗೆ ಹೋದರೆ ಮೊಳಕಾಲ್ಮೂರು, ರೇಷ್ಮೆ ಸೀರೆಯ ಊರು. ಲೋಕದ ಎರಡು ತುದಿಯ ತಂತಿಗಳಿಗೆ ಬೇಕಾದ ಸರಕು ನಮ್ಮೂರಿನ ಆಚೀಚೆಗೇ ಇತ್ತು. ಮೈಸೂರು ಸೀಮೆಯ ರೇಷ್ಮೆಗೂ ಜಪಾನಿಗೂ ಹಳೆಯ ನಂಟಿದೆ. 1893ರಲ್ಲಿ ಜಪಾನಿಗೆ ಹೋಗಿಬಂದ ಜೆಮ್‌ಶೆಟ್‌ಜಿ ಟಾಟಾ ಅವರು ಕೆಲವು ವರ್ಷಗಳಲ್ಲೇ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದಾಗ, ಹುಳು ಸಾಕುವ, ನೂಲು ತೆಗೆಯುವ ಹೊಸ ಕ್ರಮ ಹೇಳಿಕೊಡಲು ಜಪಾನಿನಿಂದಲೇ ಜನ ಬಂದಿದ್ದರು. ಜಪಾನಿನ ರೇಷ್ಮೆ ಗಿರಣಿಗಳಲ್ಲಿ ನೂಲು ತೆಗೆದವರು ಹೆಚ್ಚಾಗಿ ಬಡ ರೈತರ ಹೆಣ್ಣುಮಕ್ಕಳು. ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುವವರು ಹೆಂಗಸರು. ಕಂಬಳಿಯ ಉಣ್ಣೆ ನೂಲುವವರೂ ಹೆಂಗಸರೇ. ಎಳೆ ತೆಗೆದ ಕೈಗಳಿಗೆ ಆ ಎಳೆ ನುಡಿಯುವುದನ್ನು ಕೇಳುವ ಬಿಡುವು ಎಷ್ಟು ಮನೆಗಳಲ್ಲಿ ಸಿಕ್ಕಿತೋ!

ನಮ್ಮ ಮೊಳಕಾಲ್ಮೂರು ಸೀಮೆಗೆ ಇನ್ನೂ ಹಳೆಯ ನೆನಪೊಂದಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದದ್ದು. ಅಶೋಕ ಹರಡಿದ ಬೌದ್ಧಧರ್ಮ ಮುಂದೆ ಎಷ್ಟೋ ಶತಮಾನ ದಾಟಿ ಚೀನಾಕ್ಕೂ ಜಪಾನಿಗೂ ಹೋದಾಗ, ಅದರ ಬೆನ್ನ ಹಿಂದೆ ನಮ್ಮ ಸರಸ್ವತಿಯೂ ಹೋದಳು. ಜಪಾನಿನಲ್ಲಿ ಅವಳ ಹೆಸರು ಬೆನ್‌ಜೈತೆನ್. ಕೈಯಲ್ಲಿ ವೀ‌ಣೆಯ ಬದಲು ಬಿವಾ ಎಂಬ ತಂತಿವಾದ್ಯ. ಹೋದ ಕಡೆಯ ವಾದ್ಯವನ್ನು ಕೈಗೆತ್ತಿಕೊಳ್ಳಲು ಸರಸ್ವತಿಗೇ ಸಂಕೋಚವಾಗಲಿಲ್ಲ. ಎರಡು ಗೀತೆ ಕಲಿತ ನನಗೆ ಆಗಿತ್ತು.

ನಿಸರ್ಗವನ್ನು ತಂತಿಯಲ್ಲಿ ಹಿಡಿಯುವ ಆಸೆ ಎಲ್ಲ ಕಡೆಯದೂ ಹೌದು. ಇಟಲಿಯ ವಿವಾಲ್ಡಿ 1725ರಲ್ಲಿ ಅಚ್ಚು ಹಾಕಿಸಿದ ನಾಲ್ಕು ಋತುಗಳ ಕೃತಿಗಳಲ್ಲಿ ಪಿಟೀಲುಗಳೇ ಹಕ್ಕಿಗಳಾಗುತ್ತವೆ, ಗುಡುಗಾಗುತ್ತವೆ. ಬಾಲುಸ್ವಾಮಿಯವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಬರ ಬಿದ್ದ ಎಟ್ಟಯಪುರದ ಸೀಮೆಯಲ್ಲಿ ಅಮೃತವರ್ಷಿಣಿ ರಾಗ ಹಾಡಿ ಮಳೆ ತರಿಸಿದರೆಂಬ ಐತಿಹ್ಯವಿದೆ. ನಮ್ಮಂಥ ಬರದ ಸೀಮೆಯವರಿಗೆ ಆ ಕಥೆ ಕೇಳಿದರೆ ಬೇರೆಯೇ ಅರ್ಥ ಹೊಳೆಯುತ್ತದೆ. ಇಲ್ಲದ್ದನ್ನು ಕರೆಯುವುದಕ್ಕೂ ಸಂಗೀತ ಬೇಕು. ಮಿಯಾಗಿಯವರ ಕಣ್ಣ ಮುಂದೆ ಕಡಲಿರಲಿಲ್ಲ. ನಮ್ಮತ್ತೆ ಕಡಲನ್ನು ನೋಡದೆಯೇ ಹೋದರು. ಅವರಿಗಿದ್ದದ್ದು ನಿಂಬೆ ಗಿಡ ಮತ್ತು ಆ ಹಕ್ಕಿ.

ಇಷ್ಟೆಲ್ಲ ಓದಿದ ಮೇಲೆ ಕೊನೆಗೆ ಕೋಟೊ ನುಡಿಸುವ ಕ್ರಮದ ಬಗ್ಗೆ ಓದಿದೆ. ಬಲಗೈಯ ಮೂರು ಬೆರಳಿಗೆ ಉಗುರಿನಂಥ ಮೀಟು ತೊಟ್ಟು ಮೀಟುತ್ತಾರೆ. ಎಡಗೈಯಿಂದ ಕುದುರೆಯ ಆಚೆಗಿನ ತಂತಿಯನ್ನು ಮೆಲ್ಲಗೆ ಅದುಮುತ್ತಾರೆ. ಆಗ ಸ್ವರ ಏರುತ್ತದೆ, ಜಾರುತ್ತದೆ, ನಡುಗುತ್ತದೆ. ಅದಕ್ಕೊಂದು ಹೆಸರೂ ಇದೆ, 'ಓಶಿದೆ'. ಶತಮಾನಗಳಿಂದ ಗುರುಗಳು ಶಿಷ್ಯರಿಗೆ ಕೈಹಿಡಿದು ಹೇಳಿಕೊಟ್ಟ ವಿದ್ಯೆ.

ಪುಸ್ತಕ ಮಡಿಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆ. ಕುದುರೆಯ ಆಚೆಗಿನ ತಂತಿ. ಬೆರಳಿನ ಅಂಚು. ಗುಂಡಿಯ ವಾದ್ಯದಲ್ಲಿ ಬಾರದು ಎಂದು ವಿದ್ವಾಂಸರು ಹೇಳಿದ, ನಾನು ತಂದು ಒಪ್ಪಿಸಿದ ಆ ಗಮಕವನ್ನು ಅತ್ತೆ ನನ್ನ ಕಣ್ಣೆದುರಿಗೇ ನುಡಿಸಿದ್ದರು. ತೈಶೋಗೋತೊ ಮಾಡುವಾಗ ಕೈಬಿಟ್ಟುಹೋಗಿದ್ದ ಕೋಟೊದ ಆ ಗುಟ್ಟನ್ನು, ಕೋಟೊ ಎಂಬ ಹೆಸರನ್ನೇ ಕೇಳದ ಹೆಂಗಸೊಬ್ಬಳು ತಳಕಿನ ಪಡಸಾಲೆಯಲ್ಲಿ ಶೇಂಗಾ ಸಿಪ್ಪೆಯ ನಡುವೆ ಕೂತು ಹಕ್ಕಿಯೊಂದರಿಂದ ಮರಳಿ ಪಡೆದಿದ್ದಳು. ಮಿಯಾಗಿಯವರ ಪಕ್ಕದಲ್ಲಿ ಶೆಮೆ ಕುಳಿತದ್ದು ಚರಿತ್ರೆಯಾಯಿತು, ಆಗಬೇಕಾದದ್ದೇ. ಅತ್ತೆಯ ಪಕ್ಕದಲ್ಲಿ ಕುಳಿತವಳು ನಾನು.

ದೀಪಾವಳಿಗೆ ಮಗಳನ್ನು ಕರೆದುಕೊಂಡು ತಳಕಿಗೆ ಹೋದೆ. ಅತ್ತೆ ತೀರಿಕೊಂಡು ಮೂವತ್ತು ವರ್ಷದ ಮೇಲಾಗಿದೆ. ಈಗ ಮನೆಯಲ್ಲಿರುವವರು ಅಣ್ಣ ಅತ್ತಿಗೆ. ಅಟ್ಟ ಹತ್ತಿಸಿ ಪೆಟ್ಟಿಗೆ ಇಳಿಸಿದೆವು. ಪಂಚೆ ಜೀರ್ಣವಾಗಿತ್ತು. ಗುಂಡಿಗಳು ಕೆಲವು ಇರಲಿಲ್ಲ, ತಂತಿಗಳು ತುಕ್ಕು ಹಿಡಿದು ಮುರಿದಿದ್ದವು. ಒಂದು ಮಾತ್ರ ಉಳಿದಿತ್ತು. ಮಗಳು ಬಿರಡೆಯನ್ನು ಹೆದರಿ ಹೆದರಿ ತಿರುಗಿಸಿ ಬಿಗಿ ಮಾಡಿದಳು. ಗುಂಡಿ ಒತ್ತಿ ಮೀಟಿ, ನಾನು ತೋರಿಸಿದ ಹಾಗೆ ಕುದುರೆಯ ಆಚೆ ಕಿರುಬೆರಳಿನಿಂದ ಅದುಮಿದಳು. ಕರ್ರೆಂದಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲಕ್ಕೆ ಸ್ವರ ಜಾರಿತು.

ಅಡುಗೆ ಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದ ಅತ್ತಿಗೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು.

"ಅಯ್ಯೋ, ಅತ್ತೆಮ್ಮನ ಹಕ್ಕಿ ಅಲ್ವೇನೇ ಅದು?"

"ನಿಮಗೆ ಹೇಗೆ ಗೊತ್ತು ಅತ್ತಿಗೆ? ನೀವು ಮದುವೆಯಾಗಿ ಬರೋ ಹೊತ್ತಿಗೆ ಇದು ಅಟ್ಟ ಸೇರಿತ್ತಲ್ಲ" ಎಂದೆ.

"ಅಟ್ಟದಲ್ಲಿದ್ದರೇನು? ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅವರೇ ಏಣಿ ಹಾಕಿ ಇಳಿಸಿಕೊಳ್ಳೋರು. ಮತ್ತೆ ಸಂಜೆಯೊಳಗೆ ಅವರೇ ಇಡೋರು. ನಾನು ಗೋಡೆಗೊರಗಿ ಕೇಳ್ತಿದ್ದೆ. ಯಾರಿಗೂ ಹೇಳಬೇಡ ಕಣೇ, ಇದು ಸಂಗೀತ ಅಲ್ಲವಂತೆ ಅನ್ನೋರು."

ಅತ್ತಿಗೆ ಒಳಗೆ ಹೋದರು. ಕಾವಲಿಯ ಮೇಲೆ ಹೋಳಿಗೆ ಸೀಯುತ್ತಿತ್ತು. ಮಗಳು ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ಪೆಟ್ಟಿಗೆಯನ್ನು ನನ್ನ ಮಡಿಲಿಗೆ ಸರಿಸಿದಳು.